ಪುರಾಣ ತಿರುಗಿದ ಜಾಗದಲ್ಲಿ ಪ್ರೀತಿ: ಯಂಗ್ ಅಡಲ್ಟ್ ಫ್ಯಾಂಟಸಿ ರೊಮಾನ್ಸ್ ಓದುವುದು ಹೇಗೆ

ಹದಿನೇಳು ವರ್ಷದ ಹುಡುಗಿ. ಅವಳ ಬಾಗಿಲಿಗೆ ಬಂದು ನಿಂತ ಸಾವಿನ ದೇವತೆ. ಒಂದು ಷರತ್ತು, ಒಂದು ಶಾಪ, ಇವೆರಡರ ನಡುವೆ ಮೆಲ್ಲಗೆ ಹುಟ್ಟುವ ಪ್ರೀತಿ. ಈ ತರಹದ ಕಾದಂಬರಿಗಳು ಈಗ ಜಾಸ್ತಿ ಬರುತ್ತಿವೆ. ಇವುಗಳಿಗೆ ಯಂಗ್ ಅಡಲ್ಟ್ ಫ್ಯಾಂಟಸಿ ರೊಮಾನ್ಸ್ ಅನ್ನುತ್ತಾರೆ. ರೊಮಾನ್ಸ್ ಮತ್ತು ಫ್ಯಾಂಟಸಿ ಎರಡನ್ನೂ ಕೂಡಿಸಿ 'ರೊಮ್ಯಾಂಟಸಿ' ಅನ್ನುವವರೂ ಇದ್ದಾರೆ. ಗ್ರೀಕ್, ನಾರ್ಸ್ (ಉತ್ತರ ಯುರೋಪಿನ ಹಳೆಯ ಕಥೆಗಳು), ಚೀನಾ, ಕೊರಿಯಾ, ಭಾರತ ಹೀಗೆ ಯಾವ ನಾಡಿನ ಪುರಾಣವನ್ನೂ ಈ ಲೇಖಕರು ಬಿಟ್ಟಿಲ್ಲ.

ನಾನು ಈ ಪುಸ್ತಕಗಳನ್ನು ಪ್ರೀತಿಯಿಂದ ಓದುತ್ತೇನೆ. 'ಅದೆಲ್ಲ ಹುಡುಗಿಯರು ಟೈಮ್ ಪಾಸ್‌ಗೆ ಓದೋದು' ಅನ್ನುವ ಮಾತು ಕೇಳಿದರೆ ಬೇಜಾರಾಗುತ್ತದೆ. ಸರಿಯಾಗಿ ಓದಿದರೆ ಇವು ನಿಮ್ಮನ್ನು ಸಾವಿರಾರು ವರ್ಷ ಹಳೆಯ ಕಥೆಗಳವರೆಗೆ ಕರೆದುಕೊಂಡು ಹೋಗುತ್ತವೆ. ಹೊಸದಾಗಿ ಶುರು ಮಾಡುವವರಿಗೆ ನನಗೆ ಉಪಯೋಗಕ್ಕೆ ಬಂದ ದಾರಿಯನ್ನು ಇಲ್ಲಿ ಹೇಳುತ್ತೇನೆ.

ವಯಸ್ಸಿನ ಲೇಬಲ್ ಮೊದಲು ನೋಡಿ

ಯಂಗ್ ಅಡಲ್ಟ್ ಅಂದರೆ ಸಾಮಾನ್ಯವಾಗಿ 12ರಿಂದ 18 ವರ್ಷದ ಓದುಗರಿಗಾಗಿ ಬರೆದದ್ದು. ನಾಯಕಿಗೆ ಹದಿನಾರೋ ಹದಿನೇಳೋ ಇರುತ್ತದೆ. ಇದರ ಪಕ್ಕದಲ್ಲೇ 'ನ್ಯೂ ಅಡಲ್ಟ್' ಅನ್ನುವ ಇನ್ನೊಂದು ಗುಂಪಿದೆ. ಅದು 18 ದಾಟಿದವರಿಗೆ. ತೊಂದರೆ ಏನೆಂದರೆ ಎರಡಕ್ಕೂ ಮುಖಪುಟ ಹೆಚ್ಚುಕಡಿಮೆ ಒಂದೇ ತರಹ: ಬಂಗಾರದ ಬಳ್ಳಿ, ಒಂದು ಕಿರೀಟ, ಒಂದು ಕಠಾರಿ.

ನಾನೇ ಒಮ್ಮೆ ಹದಿಮೂರು ವರ್ಷದ ಸಂಬಂಧಿ ಹುಡುಗಿಗೆ ಮುಖಪುಟ ನೋಡಿ ಒಂದು ಪುಸ್ತಕ ಕೊಟ್ಟೆ. ಅಂಗಡಿಯಲ್ಲಿ ಅದನ್ನು ಮಕ್ಕಳ ಕಪಾಟಿನ ಹತ್ತಿರವೇ ಇಟ್ಟಿದ್ದರು. ಎರಡು ದಿನ ಬಿಟ್ಟು ಅವಳ ಅಮ್ಮ ಫೋನ್ ಮಾಡಿದರು. ಪುಸ್ತಕ ಪೂರ್ತಿ ದೊಡ್ಡವರಿಗೆ ಬರೆದದ್ದು, ಮಲಗುವ ಕೋಣೆಯ ದೃಶ್ಯಗಳನ್ನು ಬಿಡಿಸಿ ಬಿಡಿಸಿ ಬರೆದಿದ್ದರು. ಆ ಮಗುವಿಗೆ ಮುಜುಗರವಾಯಿತು. ನನಗೆ ತುಂಬಾ ನೋವಾಯಿತು. ಅವತ್ತಿನಿಂದ ಹಿಂಬದಿ ನೋಡದೆ ಯಾವ ಪುಸ್ತಕವನ್ನೂ ಕೊಡುವುದಿಲ್ಲ.

ಹಿಂಬದಿಯಲ್ಲಿ, ಇಲ್ಲವೇ ಹಕ್ಕುಸ್ವಾಮ್ಯದ ಪುಟದಲ್ಲಿ, ವಯಸ್ಸು ಬರೆದಿರುವುದುಂಟು. ಕೆಲವು ಲೇಖಕರು ಮೊದಲ ಪುಟದಲ್ಲೇ ಎಚ್ಚರಿಕೆಯ ಟಿಪ್ಪಣಿ ಹಾಕುತ್ತಾರೆ: ಹಿಂಸೆ ಇದೆ, ಸಾವು ಇದೆ, ಒತ್ತಾಯದ ಸಂಬಂಧ ಇದೆ ಅಂತ. ಅದನ್ನು ಓದಿದರೆ ಕಥೆಯ ಗುಟ್ಟು ಹಾಳಾಗುವುದಿಲ್ಲ. ಏನೂ ಬರೆದಿಲ್ಲದಿದ್ದರೆ ನಡುವಿನ ಒಂದೆರಡು ಅಧ್ಯಾಯ ತಿರುವಿ ಹಾಕಿ. ಐದು ನಿಮಿಷದ ಕೆಲಸ.

ಮೂಲ ಕಥೆಯನ್ನು ಒಂದು ಪುಟದಷ್ಟಾದರೂ ಓದಿಕೊಳ್ಳಿ

ಇದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. 'ಮೊದಲೇ ಓದಿದರೆ ಮಜಾ ಹೋಗುತ್ತದೆ' ಅಂತ ಹಲವರು ಹೇಳುತ್ತಾರೆ. ನನ್ನ ಅನುಭವ ಅದಕ್ಕೆ ಉಲ್ಟಾ. ಹಳೆಯ ಕಥೆ ಗೊತ್ತಿದ್ದರೆ ಹೊಸ ಲೇಖಕಿ ಅದನ್ನು ಎಲ್ಲಿ ತಿರುಗಿಸಿದಳು ಅಂತ ಕಣ್ಣಿಗೆ ಬೀಳುತ್ತದೆ. ಆ ತಿರುವಿನಲ್ಲೇ ಕಾದಂಬರಿಯ ಪ್ರೀತಿ ಇರುತ್ತದೆ.

ಪರ್ಸೆಫನಿಯ ಕಥೆ ತೆಗೆದುಕೊಳ್ಳಿ. ಈ ಬಗೆಯ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಕಥೆ ಇದು. ಪರ್ಸೆಫನಿಯ ಅಮ್ಮ, ಬೆಳೆಯ ದೇವಿ ಡಿಮಿಟರ್‌ಗೆ ಗ್ರೀಕ್ ಭಾಷೆಯಲ್ಲಿ ಒಂದು ಹಳೆಯ ಸ್ತೋತ್ರವಿದೆ. ಅದು ಕ್ರಿಸ್ತಪೂರ್ವ 7 ಅಥವಾ 6ನೇ ಶತಮಾನದ್ದು ಅನ್ನುತ್ತಾರೆ. ಅದರಲ್ಲಿ ಹುಡುಗಿ ಹೂ ಕೀಳುತ್ತಿರುತ್ತಾಳೆ. ನೆಲ ಬಾಯಿ ಬಿಡುತ್ತದೆ. ಪಾತಾಳದ ರಾಜ ಹೇಡಿಸ್ ರಥದಲ್ಲಿ ಬಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅವಳ ಅಪ್ಪ, ದೇವತೆಗಳ ರಾಜ ಸ್ಯೂಸ್ ಇದಕ್ಕೆ ಮೊದಲೇ ಒಪ್ಪಿರುತ್ತಾನೆ. ಅಮ್ಮನಿಗೆ ಗೊತ್ತೇ ಇಲ್ಲ. ಅಮ್ಮ ದುಃಖದಲ್ಲಿ ಬೆಳೆಯನ್ನೇ ನಿಲ್ಲಿಸಿಬಿಡುತ್ತಾಳೆ. ಕೊನೆಗೆ ಮಗಳನ್ನು ವಾಪಸ್ ಕಳಿಸಬೇಕಾಗುತ್ತದೆ. ಆದರೆ ಹೊರಡುವ ಮೊದಲು ಹೇಡಿಸ್ ಅವಳಿಗೆ ದಾಳಿಂಬೆಯ ಒಂದು ಕಾಳು ತಿನ್ನಿಸಿರುತ್ತಾನೆ. ಅದಕ್ಕೇ ವರ್ಷದ ಮೂರನೇ ಒಂದು ಭಾಗ ಅವಳು ಪಾತಾಳದಲ್ಲಿ ಇರಬೇಕು.

ರೋಮ್‌ನ ಕವಿ ಒವಿಡ್ ಇದೇ ಕಥೆಯನ್ನು ಸುಮಾರು 2000 ವರ್ಷದ ಹಿಂದೆ ಹೇಳಿದಾಗ ಕಾಳು ಏಳಾದವು, ಪಾತಾಳದ ವಾಸ ಅರ್ಧ ವರ್ಷವಾಯಿತು. ಅಷ್ಟೇ ಅಲ್ಲ, ಅವನ ಕಥೆಯಲ್ಲಿ ಹುಡುಗಿ ತೋಟದಲ್ಲಿ ಓಡಾಡುತ್ತಾ ತಾನಾಗಿಯೇ ಹಣ್ಣು ಕಿತ್ತು ತಿನ್ನುತ್ತಾಳೆ. ನೋಡಿ, ಹಳಬರೇ ಬದಲಾಯಿಸಿದ್ದಾರೆ!

ಇಷ್ಟು ಗೊತ್ತಿಟ್ಟುಕೊಂಡು ಹೊಸ ಕಾದಂಬರಿ ಹಿಡಿಯಿರಿ. ದಾಳಿಂಬೆ ಬಂದ ಕೂಡಲೇ ನಿಮ್ಮ ಬೆನ್ನು ನೆಟ್ಟಗಾಗುತ್ತದೆ. ಯಾರು ಕೊಟ್ಟರು? ತಿಂದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತಾ? ಗೊತ್ತಿದ್ದೂ ತಿಂದಳಾ? ಇಡೀ ಪುಸ್ತಕ ಆ ಒಂದು ತುತ್ತಿನ ಮೇಲೆ ನಿಂತಿರುತ್ತದೆ. ಮೂಲ ಕಥೆ ಗೊತ್ತಿಲ್ಲದವರಿಗೆ ಅದು ಬರೀ ಒಂದು ಹಣ್ಣು.

ನಮಗೆ ಇದು ಹೊಸದೇನಲ್ಲ. ಶಕುಂತಲೆಯ ಕಥೆ ಎಲ್ಲರಿಗೂ ಗೊತ್ತು, ಅಲ್ವಾ? ಉಂಗುರ, ದೂರ್ವಾಸರ ಶಾಪ, ಮೀನಿನ ಹೊಟ್ಟೆ. ಆದರೆ ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿ ಶಕುಂತಲೆ ಮದುವೆಗೆ ಮೊದಲೇ ಮಾತು ತೆಗೆದುಕೊಳ್ಳುತ್ತಾಳೆ: ನನ್ನ ಮಗನೇ ನಿನ್ನ ನಂತರ ರಾಜನಾಗಬೇಕು. ಮುಂದೆ ಮಗನನ್ನು ಕರೆದುಕೊಂಡು ಅರಮನೆಗೆ ಹೋದರೆ ದುಷ್ಯಂತ ನೆನಪಿದ್ದೂ ನೆನಪಿಲ್ಲ ಅನ್ನುತ್ತಾನೆ. ಅವಳು ತುಂಬಿದ ಸಭೆಯಲ್ಲಿ ಅವನ ಮುಖಕ್ಕೆ ನೇರವಾಗಿ ಮಾತಾಡುತ್ತಾಳೆ. ಶಾಪ, ಉಂಗುರ ಎರಡನ್ನೂ ನಾವು ಕಾಳಿದಾಸನ ನಾಟಕದಲ್ಲಿ ನೋಡುತ್ತೇವೆ. ಶಾಪ ಬಂದ ಕೂಡಲೇ ರಾಜನ ತಪ್ಪು ತೊಳೆದುಹೋಯಿತು. ಹುಡುಗಿಯ ಸಿಟ್ಟಿನ ಜಾಗಕ್ಕೆ ಕಣ್ಣೀರು ಬಂತು. ಒಂದು ಉಂಗುರ ಎಷ್ಟು ಕೆಲಸ ಮಾಡಿತು ನೋಡಿ.

ಕನ್ನಡದಲ್ಲೇ ಪಂಪ ಇದ್ದಾನೆ. 941ರಲ್ಲಿ ಮುಗಿಸಿದ ತನ್ನ ಮಹಾಭಾರತ ಕಾವ್ಯದಲ್ಲಿ ಅವನು ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ. ಆದ್ದರಿಂದ ಯಾರಾದರೂ 'ಈಗಿನವರು ಪುರಾಣವನ್ನು ಬದಲಾಯಿಸುತ್ತಾರೆ' ಅಂದರೆ ಪಂಪನನ್ನು ನೆನಪಿಸಿಕೊಳ್ಳಿ.

ಮೊದಲ 50 ಪುಟ ದಾಟುವುದು

ಬಹಳ ಜನ ಪುಸ್ತಕ ಬಿಡುವುದು ಇಲ್ಲೇ. ನಕ್ಷೆ, ರಾಜಮನೆತನದ ಪಟ್ಟಿ, ಬಾಯಿಗೆ ಬಾರದ ಹೆಸರುಗಳು. ಈ ಕಾದಂಬರಿಗಳನ್ನು ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್‌ನಲ್ಲೇ ಓದುತ್ತೇವೆ. ಹಾಗಾಗಿ ಕಷ್ಟ ಎರಡು ಪಟ್ಟು.

ನಾನು ಕಂಡುಕೊಂಡ ಒಂದು ಉಪಾಯ ಇದೆ. ಹೆಸರುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ 'ಪರ್ಸೆಫೋನ್' ಅಂತ ಓದುತ್ತೇವೆ. ಅದು ಪರ್ಸೆಫನಿ. ಮುಂದೆ ಹೇಳಲಿರುವ ಲ್ಯಾಟಿನ್ ಕಥೆಯ ನಾಯಕಿ ಸೈಕಿಯ ಹೆಸರು 'ಪಿ'ಯಿಂದ ಶುರುವಾದರೂ ಆ ಅಕ್ಷರ ಬಾಯಲ್ಲಿ ಬರುವುದಿಲ್ಲ. ಚೀನಾದ ಚಂದ್ರದೇವಿ ಚಾಂಗ್ ಅ. ನಮ್ಮ ಲಿಪಿಯಲ್ಲಿ ಬರೆದ ಕೂಡಲೇ ಹೆಸರಿಗೆ ಒಂದು ದನಿ ಬರುತ್ತದೆ. ಆಮೇಲೆ ಮರೆಯುವುದಿಲ್ಲ. ದನಿ ಗೊತ್ತಾಗದಿದ್ದರೆ ಆಡಿಯೋಬುಕ್‌ನ ಮೊದಲ ಅಧ್ಯಾಯ ಕೇಳಿ. ಸ್ಯಾಂಪಲ್ ಸಾಕು.

ನಕ್ಷೆಯನ್ನು ಈಗಲೇ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ನೋಡಿ, ಮುಂದೆ ಹೋಗಿ. ಪಾತ್ರಗಳು ಪ್ರಯಾಣ ಹೊರಟಾಗ ವಾಪಸ್ ಬಂದು ನೋಡಿದರೆ ಆಯಿತು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಡಿಕ್ಷನರಿ ತೆಗೆದರೆ ಕಥೆಯ ಕೈ ತಪ್ಪಿಹೋಗುತ್ತದೆ. ಒಂದೇ ಪದ ಮೂರನೇ ಸಲ ಬಂದರೆ ಮಾತ್ರ ಹುಡುಕಿ. ಮೂರು ಸಲ ಬಂತೆಂದರೆ ಕಥೆಗೆ ಅದು ಬೇಕು.

ಷರತ್ತು ಎಲ್ಲಿದೆ ಅಂತ ಹುಡುಕಿ

ಪುರಾಣದ ಎಷ್ಟೋ ಪ್ರೇಮಕಥೆಗಳಲ್ಲಿ ಒಂದು ಷರತ್ತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಗಂಗೆ ಶಂತನುವಿಗೆ ಹೇಳುತ್ತಾಳೆ: ನಾನೇನು ಮಾಡಿದರೂ ಪ್ರಶ್ನೆ ಕೇಳಬೇಡ. ಊರ್ವಶಿ ಪುರೂರವನಿಗೆ: ನೀನು ಬೆತ್ತಲಾಗಿರುವುದು ನನ್ನ ಕಣ್ಣಿಗೆ ಬೀಳಬಾರದು. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರಲು ಹೋದ ಗ್ರೀಕ್ ಹಾಡುಗಾರ ಆರ್ಫಿಯಸ್‌ಗೆ: ಹೊರಗೆ ಬರುವವರೆಗೆ ಹಿಂತಿರುಗಿ ನೋಡಬೇಡ. ಸೈಕಿಗೆ: ಗಂಡನ ಮುಖ ನೋಡಬೇಡ. ನಾಲ್ಕೂ ಕಡೆ ಷರತ್ತು ಮುರಿಯುತ್ತದೆ. ಮುರಿದ ಮೇಲೇ ಪ್ರೀತಿಯ ಪರೀಕ್ಷೆ ಶುರು.

ಇವುಗಳಲ್ಲಿ ಸೈಕಿಯ ಕಥೆಯನ್ನು ಪೂರ್ತಿ ಓದಿಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. ಎರಡನೇ ಶತಮಾನದ ಲೇಖಕ ಅಪುಲೇಯಸ್ ಲ್ಯಾಟಿನ್‌ನಲ್ಲಿ ಬರೆದದ್ದು. ಈಗಿನ ಫ್ಯಾಂಟಸಿ ರೊಮಾನ್ಸ್‌ನ ಅಸ್ಥಿಪಂಜರ ಪೂರ್ತಿ ಅದರಲ್ಲಿದೆ. ನಿನ್ನ ಗಂಡ ಒಂದು ಘೋರ ಜೀವಿ ಅಂತ ಭವಿಷ್ಯವಾಣಿ ಹೇಳುತ್ತದೆ. ಕಾಣದ ಕೈಗಳು ಸೇವೆ ಮಾಡುವ ಅರಮನೆ. ಕತ್ತಲಲ್ಲಿ ಮಾತ್ರ ಬರುವ ಗಂಡ. ಅಕ್ಕಂದಿರ ಮಾತು ಕೇಳಿ ಸೈಕಿ ದೀಪ ಹಚ್ಚುತ್ತಾಳೆ. ಒಂದು ತೊಟ್ಟು ಬಿಸಿ ಎಣ್ಣೆ ಅವನ ಹೆಗಲ ಮೇಲೆ ಬೀಳುತ್ತದೆ. ಅವನು ಘೋರ ಜೀವಿಯಲ್ಲ, ಪ್ರೀತಿಯ ದೇವತೆ ಕ್ಯುಪಿಡ್! ಅವನು ಹಾರಿಹೋಗುತ್ತಾನೆ. ಆಮೇಲೆ ಅತ್ತೆ ವೀನಸ್ ಒಡ್ಡುವ ನಾಲ್ಕು ಪರೀಕ್ಷೆಗಳು. ಒಂದು ರಾಶಿ ಕಲಸಿದ ಕಾಳು ಬೇರೆ ಮಾಡಬೇಕು, ಕೊನೆಯದಕ್ಕೆ ಪಾತಾಳಕ್ಕೇ ಹೋಗಿಬರಬೇಕು.

ಓದುವಾಗ ಒಂದು ಕೆಲಸ ಮಾಡಿ. ಷರತ್ತು ಬಂದ ಪುಟದಲ್ಲಿ ಒಂದು ಚೀಟಿ ಇಡಿ. ಅದು ಮುರಿದ ಪುಟದಲ್ಲಿ ಇನ್ನೊಂದು. ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಓದಿ. ಒಳ್ಳೆಯ ಕಾದಂಬರಿಯಲ್ಲಿ ಷರತ್ತು ಮುರಿಯಲು ಒಂದು ಕಾರಣ ಇರುತ್ತದೆ. ಆ ಕಾರಣ ನಾಯಕಿಯ ಸ್ವಭಾವದಿಂದಲೇ ಬಂದಿರುತ್ತದೆ. ಸುಮ್ನೆ ಕಥೆ ಮುಂದೆ ಹೋಗಬೇಕು ಅಂತ ಮುರಿದಿದ್ದರೆ ನಿಮಗೇ ಗೊತ್ತಾಗುತ್ತದೆ.

ಇನ್ನು ಓದುಗರ ಬಾಯಲ್ಲಿ ಓಡಾಡುವ ಕೆಲವು ಮಾತುಗಳನ್ನು ತಿಳಿದಿರಿ. ಎನಿಮೀಸ್ ಟು ಲವರ್ಸ್ ಅಂದರೆ ಶತ್ರುಗಳು ಪ್ರೇಮಿಗಳಾಗುವುದು. ಸ್ಲೋ ಬರ್ನ್ ಅಂದರೆ ಪ್ರೀತಿ ನಿಧಾನಕ್ಕೆ ಕಾವೇರುವುದು, ಮೊದಲ ಮುತ್ತಿಗೆ 300 ಪುಟ ಕಾಯಬೇಕಾಗಬಹುದು. ಇಂತಹವುಗಳಿಗೆ ಟ್ರೋಪ್ ಅನ್ನುತ್ತಾರೆ. ಯಾವ ಟ್ರೋಪ್ ಇಷ್ಟ ಅಂತ ಗೊತ್ತಾದರೆ ಮುಂದಿನ ಪುಸ್ತಕ ಹುಡುಕುವುದು ಸುಲಭ.

ಅವಳನ್ನು ಯಾರಾದರೂ ಕೇಳಿದರಾ?

ಪ್ರತಿ ಪುಸ್ತಕಕ್ಕೂ ನಾನು ಕೇಳುವ ಪ್ರಶ್ನೆ ಇದು. ಹಳೆಯ ಕಥೆಗಳಲ್ಲಿ ಹುಡುಗಿಯನ್ನು ಕೇಳುವುದು ಕಡಿಮೆ. ಪರ್ಸೆಫನಿಯನ್ನು ಯಾರೂ ಕೇಳಲಿಲ್ಲ. ಸೈಕಿಯನ್ನೂ ಕೇಳಲಿಲ್ಲ. ಈಗಿನ ಲೇಖಕಿಯರು ಈ ಕಥೆಗಳನ್ನು ಮತ್ತೆ ಬರೆಯಲು ಕೂರುವುದು, ನನ್ನ ಮಟ್ಟಿಗೆ, ಆ ಹುಡುಗಿಯ ಬಾಯಿಂದ ಉತ್ತರ ಕೇಳುವ ಆಸೆಯಿಂದ.

ಹಾಗಂತ ಎಲ್ಲ ಹಳೆಯ ಕಥೆಗಳೂ ಹಾಗಿಲ್ಲ. ಸಾವಿತ್ರಿ ಗಂಡನನ್ನು ತಾನೇ ಹುಡುಕಿಕೊಂಡಳು. ಇನ್ನು ಒಂದೇ ವರ್ಷ ಅವನ ಆಯಸ್ಸು ಅಂತ ನಾರದರು ಹೇಳಿದರೂ ಬದಲಾಯಿಸಲಿಲ್ಲ. ಯಮನ ಹಿಂದೆ ನಡೆದಳು, ಮಾತಿನಲ್ಲೇ ಗೆದ್ದಳು. ದಮಯಂತಿಯ ಎದುರು ನಳನ ರೂಪದಲ್ಲೇ ನಾಲ್ವರು ದೇವತೆಗಳು ನಿಂತಿದ್ದರು. ದೇವತೆಗಳಿಗೆ ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ನೆರಳಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಹಾರ ಬಾಡಿದ, ಬೆವರಿದ, ನೆಲದ ಮೇಲೆ ನಿಂತ ಮನುಷ್ಯನಿಗೇ ಅವಳು ಮಾಲೆ ಹಾಕಿದಳು. ಅಮರರನ್ನು ಬಿಟ್ಟು ಸಾಯುವವನನ್ನು ಆರಿಸಿದ ಈ ಹುಡುಗಿ ನನಗೆ ತುಂಬಾ ಇಷ್ಟ. ನಾರ್ಸ್ ಕಥೆಯ ಸ್ಕಾಡಿ ಗಂಡನನ್ನು ಬರೀ ಪಾದ ನೋಡಿ ಆರಿಸಬೇಕಾಯಿತು. ಚೆಲುವ ದೇವತೆ ಬಾಲ್ಡರ್ ಅಂದುಕೊಂಡು ಕಡಲಿನ ದೇವತೆ ನ್ಯೋರ್ಡ್‌ನನ್ನು ಆರಿಸಿದಳು. ಅವಳಿಗೆ ಬೆಟ್ಟ ಬೇಕು, ಅವನಿಗೆ ಕಡಲು ಬೇಕು. ಸಂಸಾರ ನಡೆಯಲಿಲ್ಲ. ಸ್ಕಾಟ್ಲೆಂಡಿನ ಲಾವಣಿಯೊಂದರಲ್ಲಿ ಜಾನೆಟ್ ಅನ್ನುವ ಹುಡುಗಿ ಟ್ಯಾಮ್ ಲಿನ್‌ನನ್ನು ಯಕ್ಷಿಣಿಯರ ರಾಣಿಯಿಂದ ಬಿಡಿಸಿಕೊಳ್ಳುತ್ತಾಳೆ. ಅವನು ಅವಳ ತೋಳಿನಲ್ಲೇ ಹಾವಾಗುತ್ತಾನೆ, ಕ್ರೂರ ಪ್ರಾಣಿಯಾಗುತ್ತಾನೆ, ಕಾದ ಕಬ್ಬಿಣವಾಗುತ್ತಾನೆ. ಅವಳು ಮಾತ್ರ ಕೈ ಬಿಡುವುದಿಲ್ಲ.

ಈಗ ಕಾದಂಬರಿಗೆ ಬನ್ನಿ. ನಾಯಕ 500 ವರ್ಷ ಬದುಕಿದವನು, ನಾಯಕಿಗೆ 17. ಅವನ ಹತ್ತಿರ ರಾಜ್ಯ, ಮಾಟ, ಸೈನ್ಯ ಎಲ್ಲ ಇದೆ. ಅವಳ ಹತ್ತಿರ ಏನಿದೆ? ಈ ಮೂರು ವಿಷಯ ಗಮನಿಸಿ. ಅವಳು 'ಬೇಡ' ಅಂದಾಗ ಅವನು ನಿಲ್ಲುತ್ತಾನಾ? ಅವಳು ಬಯಸಿದರೆ ಆ ಅರಮನೆಯಿಂದ ಹೊರಗೆ ಹೋಗಬಹುದಾ? ಅವಳಿಗೆ ಪ್ರೀತಿಯ ಹೊರತಾಗಿ ಸ್ವಂತದ್ದು ಅಂತ ಒಂದು ಆಸೆ, ಒಬ್ಬ ಗೆಳತಿ, ಒಂದು ಕೆಲಸ ಇದೆಯಾ? ಮೂರಕ್ಕೂ 'ಇಲ್ಲ' ಅಂತ ಬಂದರೂ ಪುಸ್ತಕ ಎಸೆಯಬೇಕಿಲ್ಲ. ಕೆಟ್ಟ ಪ್ರೀತಿಯನ್ನು ಕೆಟ್ಟದ್ದು ಅಂತ ತೋರಿಸುವ ಕಾದಂಬರಿಗಳೂ ಇವೆ. ಆದರೆ ಹಿಂಸೆಯನ್ನೇ ಪ್ರೀತಿ ಅಂತ ಸಿಹಿಯಾಗಿ ಬರೆದಿದ್ದರೆ ಅದನ್ನು ಗುರುತಿಸಬೇಕು. ಹದಿನಾಲ್ಕರ ಓದುಗರ ಜೊತೆ ದೊಡ್ಡವರು ಈ ಮಾತನ್ನು ಆಡಲೇಬೇಕು. ಬೈಯಬೇಡಿ, ಪಾಠವನ್ನೂ ಮಾಡಬೇಡಿ. 'ನೀನಾಗಿದ್ರೆ ಆ ಬಾಗಿಲು ತೆಗೀತಿದ್ಯಾ?' ಅಂತ ಒಂದು ಪ್ರಶ್ನೆ ಕೇಳಿ. ಅವರು ಮಾತಾಡುತ್ತಾರೆ.

ಪೂಜೆ ಮಾಡುವ ದೇವರು ನಾಯಕನಾದಾಗ

ಸ್ಯೂಸ್‌ನನ್ನು ಹೇಗೆ ಬರೆದರೂ ನಮಗೆ ನೋವಾಗುವುದು ಕಡಿಮೆ. ಆದರೆ ಯಾವುದೋ ಮನೆಯಲ್ಲಿ ಇವತ್ತಿಗೂ ದೀಪ ಹಚ್ಚುವ ದೇವರು ಕಾದಂಬರಿಯ ಪ್ರೇಮಿಯಾಗಿ ಬಂದರೆ ಮನಸ್ಸು ಕಸಿವಿಸಿಯಾಗುತ್ತದೆ. ಅದು ಸಹಜ. ಆ ಕಸಿವಿಸಿಯನ್ನು ಒತ್ತಿಹಾಕಬೇಡಿ. ಪುಸ್ತಕದ ಕೊನೆಗೆ ಹೋಗಿ ಲೇಖಕರ ಟಿಪ್ಪಣಿ ಓದಿ. ಯಾವ ಕಥೆಯಿಂದ ಏನು ತೆಗೆದುಕೊಂಡೆ, ಏನನ್ನು ಕಲ್ಪಿಸಿದೆ ಅಂತ ಹಲವರು ಅಲ್ಲಿ ಬರೆದಿರುತ್ತಾರೆ. ಆ ಟಿಪ್ಪಣಿಯಲ್ಲಿ ಗೌರವ ಕಂಡರೆ ನಾನು ಮುಂದುವರಿಯುತ್ತೇನೆ. ಕಾಣದಿದ್ದರೆ ಮುಚ್ಚಿಡುತ್ತೇನೆ. ಎಲ್ಲ ಪುಸ್ತಕವನ್ನೂ ಎಲ್ಲರೂ ಮುಗಿಸಬೇಕು ಅಂತ ಎಲ್ಲೂ ಬರೆದಿಲ್ಲ.

ಇದೇ ಮಾತು ಬೇರೆಯವರ ದೇವರಿಗೂ ಅನ್ವಯಿಸುತ್ತದೆ. ನಮಗೆ ಫ್ಯಾಂಟಸಿ ಅನ್ನಿಸಿದ್ದು ಇನ್ನೊಬ್ಬರಿಗೆ ನಂಬಿಕೆ. ಕಾದಂಬರಿ ಓದಿ 'ಚೀನಾದ ಪುರಾಣ ಹೀಗಿದೆ' ಅಂತ ಯಾರಿಗಾದರೂ ಹೇಳುವ ಮೊದಲು ಮೂಲ ಕಥೆಯನ್ನು ಒಮ್ಮೆ ನೋಡಿಕೊಳ್ಳಿ.

ಸರಣಿಯ ಲೆಕ್ಕ

ಇವು ಒಂಟಿಯಾಗಿ ಬರುವುದಕ್ಕಿಂತ ಎರಡು ಅಥವಾ ಮೂರು ಭಾಗವಾಗಿ ಬರುವುದೇ ಜಾಸ್ತಿ. ಶುರು ಮಾಡುವ ಮೊದಲು ಸರಣಿ ಮುಗಿದಿದೆಯಾ ನೋಡಿ. ಎರಡನೇ ಭಾಗದಲ್ಲಿ ಪ್ರೇಮಿಗಳನ್ನು ದೂರ ಮಾಡುವುದು ಹಲವು ಸರಣಿಗಳ ರೂಢಿ. ಬೇಸರವಾಗಿ ಅಲ್ಲೇ ಬಿಟ್ಟರೆ ಮೂರನೆಯದರ ಸುಖ ಸಿಗುವುದಿಲ್ಲ. ರೊಮಾನ್ಸ್ ಅಂದರೆ ಸುಖಾಂತ್ಯ ಅಂತ ಓದುಗರು ನಂಬಿರುತ್ತಾರೆ. ಆದರೆ ಫ್ಯಾಂಟಸಿಯ ಒಳಗೆ ಒಂದು ಪ್ರೇಮಕಥೆ ಇದ್ದರೆ ಆ ಭರವಸೆ ಇಲ್ಲ. ಅದರಲ್ಲೂ ಮೂಲ ಕಥೆ ಆರ್ಫಿಯಸ್‌ನದ್ದಾದರೆ ಮನಸ್ಸು ಗಟ್ಟಿ ಮಾಡಿಕೊಂಡು ಕೂರಿ.

ಮುಗಿದ ಮೇಲೆ

ಪುಸ್ತಕ ಮುಚ್ಚಿದ ದಿನವೇ ಅರ್ಧ ಪುಟ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಮೂಲ ಕಥೆ ಎಲ್ಲಿ ತಿರುಗಿತು, ಆ ತಿರುವು ಯಾರಿಗೆ ಒಳ್ಳೆಯದು ಮಾಡಿತು, ಯಾರ ತಪ್ಪು ಮುಚ್ಚಿಹೋಯಿತು. ಇಷ್ಟು ಸಾಕು. ಆಮೇಲೆ ಮೊದಲ ಅಧ್ಯಾಯವನ್ನು ಮತ್ತೆ ಓದಿ. ಷರತ್ತಿನ ಸುಳಿವು, ಶಾಪದ ನೆರಳು, ಅವನ ಮೊದಲ ಸುಳ್ಳು ಎಲ್ಲ ಅಲ್ಲೇ ಇದ್ದದ್ದು ಈಗ ಕಾಣುತ್ತದೆ.

ಮುಂದಿನ ಪುಸ್ತಕಕ್ಕೆ ಬೇರೆ ಪುರಾಣಕ್ಕೆ ಹಾರಬೇಡಿ. ಅದೇ ಕಥೆಯನ್ನು ಇನ್ನೊಬ್ಬ ಲೇಖಕಿ ಬರೆದದ್ದನ್ನು ಹುಡುಕಿ. ಪರ್ಸೆಫನಿಯಿಂದ ಶುರು ಮಾಡಿದ್ದರೆ ಇನ್ನೊಂದು ಪರ್ಸೆಫನಿ ತೆಗೆಯಿರಿ. ದಾಳಿಂಬೆಯ ದೃಶ್ಯ ಬಂದಾಗ ಮೊದಲಿನ ಪುಸ್ತಕವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಒಬ್ಬಳು ಹಸಿವಿಗೆ ತಿಂದಿರುತ್ತಾಳೆ. ಇನ್ನೊಬ್ಬಳು ಎಣಿಸಿ, ಅವನ ಕಣ್ಣನ್ನೇ ನೋಡುತ್ತಾ ತಿಂದಿರುತ್ತಾಳೆ.